ನೀರಿಗೆ ಹಾಕಿದ ಮದ್ದು

ಬೈಕುಲ್ಲಾದ ನಮ್ಮ ಮನೆಯ ಕಿಟಕಿಯ ಬದಿಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಊರಿನ ಮನೆ, ಅಂಗಳ, ಬಾವಿ ಎಲ್ಲವನ್ನೂ ಬಿಟ್ಟು ಅಮ್ಮ ನಮ್ಮೊಡನೆ ಇರಲು ಬಂದ ವರ್ಷ ಅದನ್ನು ತಂದೆವು. ಊರಿನ ಬಾವಿಯಲ್ಲಿ ಸೊಳ್ಳೆಮರಿಗಳನ್ನು ತಿನ್ನಲೆಂದು ಬಿಟ್ಟ ಮೀನುಗಳಿದ್ದವು. ನೀರು ಸೇದುವಾಗ ಅವುಗಳೊಡನೆ ಮಾತಾಡುವುದು ಅಮ್ಮನ ರೂಢಿ. ಇಲ್ಲಿ ಆ ಮಾತು ಎರಡು ಗೋಲ್ಡ್ ಫಿಶ್‌ಗಳ ಪಾಲಿಗೆ ಬಂತು.

ಕಳೆದ ಆಷಾಢದ ಮಳೆಯಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನಿಂದ ಮೂರನೆಯದೊಂದನ್ನು ತಂದು ನೇರವಾಗಿ ತೊಟ್ಟಿಗೆ ಬಿಟ್ಟೆವು. ವಾರ ಕಳೆಯುವುದರೊಳಗೆ ಮೂರರ ಮೈಮೇಲೂ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಮೀನುಗಳು ಕಲ್ಲಿಗೆ ಮೈಯುಜ್ಜತೊಡಗಿದವು. ಮ್ಯಾಲಕೈಟ್ ಗ್ರೀನ್ ಬೆರೆತ ಔಷಧಿಯ ಸೀಸೆಯೊಂದನ್ನು ತಂದೆವು.

“ಬಾವಿಗೆ ಯಾರಾದರೂ ಮದ್ದು ಹಾಕುತ್ತಿದ್ದರೇನು ಮಕ್ಕಳೇ? ಮೊದಲು ನೀರು ನೋಡಿ,” ಎಂದರು ಅಮ್ಮ. ನಾವು ಕೇಳಲಿಲ್ಲ.

ಸೀಸೆಯ ಮೇಲೆ ಹತ್ತು ಲೀಟರಿಗೆ ಇಷ್ಟು ಹನಿ ಎಂದು ಬರೆದಿತ್ತು. ತೊಟ್ಟಿಯ ಉದ್ದ 60, ಅಗಲ 30, ಎತ್ತರ 30 ಸೆಂಟಿಮೀಟರ್. ಗುಣಿಸಿ ಸಾವಿರದಿಂದ ಭಾಗಿಸಿದರೆ 54 ಲೀಟರ್. ಅಷ್ಟಕ್ಕೆ ಹನಿ ಎಣಿಸಿ ಹಾಕಿದೆವು. ಆದರೆ ನೀರು ಅಂಚಿನವರೆಗೆ ಇರಲಿಲ್ಲ, ತಳದಲ್ಲಿ ಮರಳೂ ಕಲ್ಲೂ ಇದ್ದವು. ನಿಜವಾಗಿ ಇದ್ದ ನೀರು 40 ಲೀಟರಿನಷ್ಟೇ. ಎರಡು ದಿನ ಕಳೆದರೂ ಚುಕ್ಕೆ ಹೋಗಲಿಲ್ಲ. ಫಿಲ್ಟರಿನೊಳಗಿನ ಇದ್ದಿಲು ಔಷಧಿಯನ್ನೆಲ್ಲ ಹೀರಿಬಿಡುತ್ತದೆಂದು ಆಗ ತಿಳಿಯಿತು. ಇದ್ದಿಲನ್ನು ತೆಗೆದೆವು. ಅಲ್ಲಿಗೆ ನಿಲ್ಲಬೇಕಿತ್ತು, ಕಳೆದುಹೋದ ದಿನಗಳನ್ನು ತುಂಬಿಕೊಳ್ಳುವವರಂತೆ ಹನಿಗಳನ್ನು ಇಮ್ಮಡಿ ಮಾಡಿದೆವು. ಲೆಕ್ಕ ಹಾಕಿದರೆ, ಬೇಕಾದುದಕ್ಕಿಂತ ಎರಡೂವರೆ ಪಾಲಿಗೂ ಮಿಗಿಲಾಗಿತ್ತು.

ಬೆಳಗ್ಗೆ ಎರಡು ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಿಗಾಗಿ ಹೆಣಗುತ್ತಿದ್ದವು. ಅಮ್ಮ ಮೊದಲಿನಿಂದ ಸಾಕಿದ್ದ ದೊಡ್ಡದು ಅಡ್ಡಬಿದ್ದಿತ್ತು. ಅರ್ಧದಷ್ಟು ನೀರನ್ನು ಬದಲಿಸಿದೆವು. ನಲ್ಲಿಯ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿದೆವು, ಗಾಳಿಯ ಪಂಪನ್ನು ಜೋರಾಗಿಸಿದೆವು. ಉಳಿದ ಮದ್ದನ್ನು ಹೀರಲು ಹೊಸ ಇದ್ದಿಲನ್ನು ಇಟ್ಟೆವು. ಎರಡು ಬದುಕಿದವು.

ನಾವು ಮದ್ದು ಕೊಟ್ಟದ್ದು ಮೀನಿಗಲ್ಲ, ಅದು ಉಸಿರಾಡುವ ನೀರಿಗೆ. ಮನುಷ್ಯನಿಗಾದರೆ ಗುಳಿಗೆಯೊಂದು ಹೊಟ್ಟೆಗೆ ಹೋಗುತ್ತದೆ. ಮೀನಿಗೆ ಅದರ ಜಗತ್ತೇ ಔಷಧಿಯಾಗಿಬಿಡುತ್ತದೆ. ಮ್ಯಾಲಕೈಟ್ ಗ್ರೀನ್ ಎಷ್ಟು ತೀಕ್ಷ್ಣವೆಂದರೆ, ತಿನ್ನುವ ಮೀನಿಗೆ ಅದನ್ನು ಬಳಸುವುದು ಅನೇಕ ದೇಶಗಳಲ್ಲಿ ನಿಷಿದ್ಧ. ಸಾಕುವ ಮೀನಿಗೆ ಬಳಸುವಾಗಲೂ ಕೈಗವಸು ಬೇಕು. ಇನ್ನೊಂದು ಸಂಗತಿ: ಚುಕ್ಕೆಯಾಗಿ ಕಾಣುವ ಪರೋಪಜೀವಿ ಮೀನಿನ ಚರ್ಮದೊಳಗೆ ಇರುವಷ್ಟು ಕಾಲ ಮದ್ದು ಅದನ್ನು ಮುಟ್ಟುವುದಿಲ್ಲ. ಅದು ಮಾಗಿ ಕೆಳಗುದುರಿ, ಒಡೆದು, ನೂರಾರು ಮರಿಗಳಾಗಿ ಹೊಸ ಮೀನನ್ನು ಹುಡುಕಿ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಮೊದಲ ಎರಡು ದಿನ ಏನೂ ಕಾಣದಿರುವುದು ಸಹಜ. ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಚಿಕಿತ್ಸೆ ಮುಂದುವರಿಯಬೇಕು. ಇಲ್ಲಿ ಬೇಕಾದುದು ಹೆಚ್ಚು ಹನಿಯಲ್ಲ, ಹೆಚ್ಚು ದಿನ. ನಮ್ಮ ಅವಸರವನ್ನು ನಾವು ಅಕ್ಕರೆ ಎಂದುಕೊಂಡಿದ್ದೆವು.

ನಮ್ಮ ಬೈಕುಲ್ಲಾದ ರಾಣಿಬಾಗಿಗೆ 2016ರ ಜುಲೈಯಲ್ಲಿ ದಕ್ಷಿಣ ಕೊರಿಯಾದಿಂದ ಹಂಬೋಲ್ಟ್ ಪೆಂಗ್ವಿನ್‌ಗಳು ಬಂದಾಗ ಅವನ್ನು ತಿಂಗಳುಗಟ್ಟಲೆ ಬೇರೆಯಾಗಿಯೇ ಇರಿಸಿದ್ದರು. ಜನರಿಗೆ ಅವು ಕಂಡದ್ದು 2017ರ ಮಾರ್ಚಿನಲ್ಲಿ. ಇಷ್ಟೊಂದು ಕಾಯಿಸುವುದೇಕೆಂದು ನಾವೂ ಗೊಣಗಿದ್ದೆವು. ಹೊಸ ಮೀನನ್ನು ಬಕೆಟ್ಟಿನಲ್ಲಿ ಮೂರು ವಾರ ಇಟ್ಟಿದ್ದರೆ ನಮಗೆ ಸೀಸೆಯೇ ಬೇಕಾಗುತ್ತಿರಲಿಲ್ಲವೇನೋ.

ಸತ್ತ ಮೀನನ್ನು ಅಮ್ಮ ತುಳಸಿಯ ಕುಂಡದ ಪಕ್ಕದ ದಾಸವಾಳದ ಬುಡದಲ್ಲಿ ಹೂತರು. ನಮ್ಮನ್ನು ಬೈಯಲಿಲ್ಲ. ಎರಡು ದಿನ ತೊಟ್ಟಿಯ ಹತ್ತಿರ ಮಾತೂ ಆಡಲಿಲ್ಲ. ಅದು ಬೈಗುಳಕ್ಕಿಂತ ಭಾರವಾಗಿತ್ತು. ಈಗ ಗಾಜಿನ ಮೇಲೆ ‘40 ಲೀಟರ್’ ಎಂದು ಬರೆದ ಚೀಟಿ ಅಂಟಿಸಿದ್ದೇವೆ. ಪ್ರತಿ ಭಾನುವಾರ ಕಾಲುಭಾಗ ನೀರು ಬದಲಿಸುತ್ತೇವೆ. ಆ ಕೆಲಸಕ್ಕೆ ಚೊಂಬು ಹಿಡಿದು ಮೊದಲು ಬಂದು ನಿಲ್ಲುವವರು ಅಮ್ಮನೇ. ನೀರು ಹೊಯ್ಯುತ್ತ ಮತ್ತೆ ಮಾತಾಡುತ್ತಾರೆ.