ಮೂಲೆ ಸೇರಿದ ಗರಗಸ

ದುಡಿದು ಸವೆಯುವ ಯಂತ್ರಗಳುಂಟು. ದುಡಿಯದೆ ಕೆಡುವ ಯಂತ್ರಗಳೂ ಉಂಟು. ಕೊಟ್ಟಿಗೆಯ ಮೂಲೆಯಲ್ಲಿ ವರ್ಷಗಟ್ಟಲೆ ಧೂಳು ತಿಂದ ಸರಪಳಿ ಗರಗಸ ಎರಡನೆಯ ಬಗೆಯದು. ಅದರ ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಹಳಸಿ ಅಂಟಾಗಿ, ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ರಬ್ಬರಿನ ಕೊಳವೆ ಬಿರಿಯುತ್ತದೆ. ಸರಪಳಿಗೆ ತುಕ್ಕು ಹಿಡಿಯುತ್ತದೆ. ಕಂಡವರು, “ಗುಜರಿಗೆ ಹಾಕಿ” ಎನ್ನುತ್ತಾರೆ.

ಬಲ್ಲವನು ಅವಸರಪಡುವುದಿಲ್ಲ. ಎಂಜಿನ್ನಿನ ಹಗ್ಗವನ್ನು ಮೆಲ್ಲಗೆ ಎಳೆದು ನೋಡುತ್ತಾನೆ. ಕೈಗೆ ಬಿಗಿಯಾದ ತಡೆ ಸಿಕ್ಕಿದರೆ ಸಿಲಿಂಡರಿನಲ್ಲಿ ಇನ್ನೂ ಜೀವವಿದೆಯೆಂದು ತಿಳಿಯುತ್ತಾನೆ. ಹಳೆಯ ಇಂಧನವನ್ನು ತೆಗೆದು, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು, ಸ್ಪಾರ್ಕ್ ಪ್ಲಗ್ಗಿನ ಮಸಿ ಒರೆಸುತ್ತಾನೆ. ಹೊಸ ಪೆಟ್ರೋಲಿಗೆ ತಕ್ಕಷ್ಟು ಎಣ್ಣೆ ಬೆರೆಸುತ್ತಾನೆ. ಆ ಎಣ್ಣೆಯಿಲ್ಲದೆ ಓಡಿದರೆ ಎಂಜಿನ್ನು ಒಳಗೊಳಗೇ ಉಜ್ಜಿ ಹಾಳಾಗುತ್ತದೆ.

ಅನಂತರ ಹಲ್ಲುಗಳ ಸರದಿ. 1946ರಲ್ಲಿ ಅಮೆರಿಕದ ಆರಿಗನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು, ದುಂಬಿಯ ಮರಿಹುಳು ಮರವನ್ನು ಎಡಕ್ಕೂ ಬಲಕ್ಕೂ ಕೊರೆಯುವುದನ್ನು ಕಂಡು ಬಾಗಿದ ಹಲ್ಲಿನ ಸರಪಳಿಯನ್ನು ರೂಪಿಸಿದನು. ಅಂಥ ಪ್ರತಿಯೊಂದು ಹಲ್ಲನ್ನೂ ದುಂಡನೆಯ ಅರದಿಂದ ಒಂದೇ ಓರೆಯಲ್ಲಿ ಮಸೆಯಬೇಕು. ಮೊಂಡು ಹಲ್ಲು ಮರವನ್ನು ಕೊಯ್ಯದೆ ಹಿಟ್ಟು ಮಾಡುತ್ತದೆ, ಹಿಡಿದವನನ್ನು ಬಳಲಿಸುತ್ತದೆ.

ಕಡೆಗೊಮ್ಮೆ ಎಂಜಿನ್ನು ಗುಡುಗುತ್ತದೆ. ಆದರೂ ಕೆಲಸ ಮುಗಿಯಲಿಲ್ಲ. ಸರಪಳಿ ಸುತ್ತುವ ಪಟ್ಟಿಯ ತುದಿ ಮರಕ್ಕೆ ತಾಗಿದರೆ ಯಂತ್ರ ಕ್ಷಣಾರ್ಧದಲ್ಲಿ ಹಿಡಿದವನತ್ತ ಚಿಮ್ಮಬಹುದು. ಆಗ ಕಾಯುವುದು ಸರಪಳಿಯ ಬ್ರೇಕು. ಅದು ಹಿಡಿಯದಿದ್ದರೆ ಆ ಗರಗಸ ಮೂಲೆಯಲ್ಲಿರುವುದೇ ಲೇಸು. ಓಡುವ ಬಲವನ್ನು ಮರಳಿ ಕೊಟ್ಟವನು ನಿಲ್ಲುವ ಬಲವನ್ನೂ ಕೊಡಬೇಕು.