ಎರಡು ಬಣ್ಣಗಳ ನಡುವೆ

ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಸೂರ್ಯಾಸ್ತವನ್ನು ನೋಡಿದವರು, ಕಿತ್ತಳೆಯ ಬಣ್ಣವು ಎಲ್ಲಿ ಮುಗಿದು ನೀಲಿಯು ಎಲ್ಲಿ ತೊಡಗಿತೆಂದು ಹೇಳಲಾರರು. ಈ ವರ್ಷದ ಶಾಲಾದಿನದ ಕಿರುಚಿತ್ರಕ್ಕಾಗಿ ಆ ಆಕಾಶವನ್ನು ಗಣಕಯಂತ್ರದಲ್ಲಿ ಮೂಡಿಸಲು ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಮುಂದಾದಳು.

ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶದಲ್ಲಿ ಗ್ರೇಡಿಯಂಟ್ ರ‍್ಯಾಂಪ್ ಎಂಬ ಸಾಧನವಿರುವುದು. ಆರಂಭದ ಬಿಂದುವಿಗೊಂದು ಬಣ್ಣವನ್ನೂ ಅಂತ್ಯದ ಬಿಂದುವಿಗೆ ಮತ್ತೊಂದನ್ನೂ ಕೊಟ್ಟರೆ, ನಡುವಿನ ಛಾಯೆಗಳನ್ನೆಲ್ಲ ಯಂತ್ರವೇ ತುಂಬುವುದು. ಬಿಂದುಗಳನ್ನು ಮೆಲ್ಲಮೆಲ್ಲನೆ ಸರಿಯುವಂತೆ ಮಾಡಿದರೆ ಹೊತ್ತು ಮುಳುಗಿದಂತೆಯೇ ಕಾಣುವುದು.

ಆದರೆ ಸಭಾಂಗಣದ ದೊಡ್ಡ ಪರದೆಯ ಮೇಲೆ ಆ ಆಕಾಶವು ಪಟ್ಟೆಪಟ್ಟೆಯಾಗಿ ತೋರಿತು. ಅಜಾಗ್ರತೆಯೆಂದು ಭಾವಿಸಿ ನಾವು ಎಲ್ಲರೆದುರಿಗೆ ಅವಳನ್ನು ಗದರಿಸಿದೆವು. ಅವಳು ಮರುಮಾತಾಡದೆ ತಲೆತಗ್ಗಿಸಿದಳು. ಮರುದಿನ ಕಾರಣವನ್ನು ತಿಳಿದುಕೊಂಡು ಬಂದಳು. 8 ಬಿಟ್ಟಿನ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮಟ್ಟಗಳು ಮಾತ್ರ. ಒಂದಕ್ಕೊಂದು ಸಮೀಪವಾದ ಎರಡು ಬಣ್ಣಗಳನ್ನು ವಿಶಾಲವಾದ ಪರದೆಯಲ್ಲಿ ಹರಡಿದಾಗ ನಡುವಣ ಮೆಟ್ಟಿಲುಗಳು ಕೆಲವೇ ಆಗಿ, ಕಣ್ಣಿಗೆ ಕಾಣುವಷ್ಟು ಅಗಲವಾಗುವುವು. ಅದೇ ಸಾಧನದೊಳಗಿನ ರ‍್ಯಾಂಪ್ ಸ್ಕ್ಯಾಟರ್ ಎಂಬುದನ್ನು ಅವಳು ತುಸು ಹೆಚ್ಚಿಸಿದಳು. ಬಣ್ಣದ ಕಣಗಳು ಚದುರಿ ಗೆರೆಗಳು ಅಳಿದುವು. ಸಂಜೆಯು ಸಂಜೆಯಂತಾಯಿತು.

ಗದರಿಸಿದ ಸಭಾಂಗಣದಲ್ಲಿಯೇ, ಎಲ್ಲರೆದುರಿಗೇ, ನಾವು ಅವಳ ಕ್ಷಮೆಯನ್ನು ಬೇಡಿದೆವು. ಅನೇಕ ವರ್ಷಗಳ ಅಧ್ಯಾಪನದಿಂದ ಸರಿ, ತಪ್ಪು ಎಂಬ ಎರಡೇ ಬಣ್ಣಗಳಿಗೆ ಒಗ್ಗಿಹೋದ ನಮ್ಮ ಕಣ್ಣಿಗೆ, ಕಲಿಯುತ್ತಿರುವ ಮಗುವು ಅವೆರಡರ ನಡುವೆ ಇರುವುದೆಂಬುದನ್ನು ತೋರಿಸಿಕೊಟ್ಟವಳು ಅವಳೇ.