ಜೂನ್ ಒಂದರ ಮಕ್ಕಳು

ನಮ್ಮೂರ ಶಾಲೆಯ ಹಳೆಯ ದಾಖಲೆ ಬಿಡಿಸಿದರೆ ಅರ್ಧ ಊರೇ ಜೂನ್ 1ರಂದು ಹುಟ್ಟಿದೆ! ಶಾಲೆ ಶುರುವಾಗುವ ದಿನ ಹುಡುಗನಿಗೆ ಆರು ತುಂಬಿರದಿದ್ದರೆ ಮಾಸ್ತರರೇ ತುಂಬಿಸಿ ಬರೆದುಕೊಳ್ಳುತ್ತಿದ್ದರು. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಮನೆಯಲ್ಲಿ ಹುಟ್ಟಿದವರಿಗೆ ಅಮ್ಮನ ನೆನಪೇ ಸರ್ಟಿಫಿಕೇಟು.

ನನ್ನ ಅಣ್ಣ ಹುಟ್ಟಿದ್ದು 1966ರ ಆಟಿ ತಿಂಗಳಲ್ಲಿ. “ಹೊಳೆ ತುಂಬಿ ಸೂಲಗಿತ್ತಿಗೆ ದಾಟಲಿಕ್ಕೇ ಆಗಲಿಲ್ಲ ಮಾರಾಯ” ಅಂತ ಅಮ್ಮ ಈಗಲೂ ಹೇಳುತ್ತಾಳೆ. ಶಾಲೆಯಲ್ಲಿ ಬರೆದದ್ದು 1-6-1965. ಜಾತಕ ಊರಿನ ಮನೆಯ ಮಾಡು ಸೋರಿ ಹಾಳಾಯಿತು. ಉಳಿದದ್ದು ಟಿ.ಸಿ. ಮಾತ್ರ.

ಆ ತಾರೀಕು ಅಣ್ಣನ ಜೊತೆ ಮುಂಬಯಿಗೆ ಬಂತು. ಹಗಲು ಹೋಟೆಲು, ಸಂಜೆ ಕನ್ನಡ ರಾತ್ರಿಶಾಲೆ. ಅಲ್ಲಿಂದ ಎಸ್ಸೆಸ್ಸಿ ಸರ್ಟಿಫಿಕೇಟಿಗೆ, ಕಂಪೆನಿಯ ಕಡತಕ್ಕೆ, ಪಿ.ಎಫ್.ಗೆ, ಪ್ಯಾನ್‌ಗೆ, ಆಧಾರ್‌ಗೆ ಹತ್ತಿತು. 2022ರಲ್ಲಿ ಕಂಪೆನಿಯ ಪತ್ರ ಬಂತು: 58 ತುಂಬುತ್ತದೆ, 2023ರ ಮೇ 31 ಕೊನೆಯ ದಿನ. ಡೊಂಬಿವಲಿಯ ಮನೆಸಾಲ ಇನ್ನೂ ಬಾಕಿ, ಮಗಳು ಕಾಲೇಜಿನಲ್ಲಿ. “ನಾನು ಹುಟ್ಟೇ ಇರದಿದ್ದ ವರ್ಷಕ್ಕೆ ನನ್ನ ಸಂಬಳ ಹೋಗಬೇಕಾ?” ಅಂದ ಅಣ್ಣ.

ಚರ್ನಿ ರೋಡಿನ ಸರಕಾರಿ ಮುದ್ರಣಾಲಯಕ್ಕೆ ಹೋಗಿ ಗೆಜೆಟ್ ಮಾಡಿಸು ಅಂತ ಯಾರೋ ಹೇಳಿದರು. ವಕೀಲರು ತಲೆಯಾಡಿಸಿದರು. ಗೆಜೆಟ್ ಅಂದರೆ ಡಂಗುರ ಸಾರಿದ ಹಾಗೆ, ಹುಟ್ಟಿದ್ದಕ್ಕೆ ಸಾಕ್ಷಿಯಲ್ಲ ಎಂದರು. ಸೇವೆಯ ಕೊನೆಗಾಲದಲ್ಲಿ ಬಂದು ತಾರೀಕು ತಿದ್ದಿಕೊಡಿ ಎನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ. 2021ರಲ್ಲಿ ಕರ್ನಾಟಕದ ಸರಕಾರಿ ನಿಗಮವೊಂದರ ನೌಕರರ ಕೇಸಿನಲ್ಲೂ ಅದೇ ಮಾತು: ತಿದ್ದುಪಡಿ ಹಕ್ಕಲ್ಲ, ತಡವಾದರೆ ಪುರಾವೆ ಇದ್ದರೂ ನಿರಾಕರಿಸಬಹುದು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರೇ 1950ರೋ 1951ರೋ ಎಂಬ ಜಗಳವನ್ನು 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಒಯ್ದು, ಅರ್ಜಿ ಹಿಂದಕ್ಕೆ ಪಡೆಯಬೇಕಾಯಿತು. ಇನ್ನು ನಮ್ಮಂಥವರ ಪಾಡೇನು ಹೇಳಿ!

ಕೋರ್ಟಿನ ಮಾತಿನಲ್ಲೂ ನ್ಯಾಯ ಇಲ್ಲದಿಲ್ಲ. ಒಬ್ಬ ಒಂದು ವರ್ಷ ಹೆಚ್ಚು ಕೂತರೆ ಹಿಂದೆ ನಿಂತವನ ಬಡ್ತಿ ನಿಲ್ಲುತ್ತದೆ. ಆದರೆ ಹದಿಮೂರರಲ್ಲಿ ಊರು ಬಿಟ್ಟ ಹುಡುಗನಿಗೆ ತಾರೀಕು ತಿದ್ದಿಸಬೇಕು ಎಂದು ಹೇಳುವವರಾದರೂ ಯಾರಿದ್ದರು? ಸಾಕ್ಷಿ ಹೇಳಬೇಕಾದ ಅಮ್ಮ, ಸೂಲಗಿತ್ತಿ, ಮಾಸ್ತರರು ಎಲ್ಲ ಊರಲ್ಲೇ ಉಳಿದರು.

ಅಣ್ಣ ಕೇಸು ಹಾಕಲಿಲ್ಲ. ಹೇಳಿದ ದಿನವೇ ನಿವೃತ್ತನಾಗಿ, ಈಗ ಠಾಣೆಯಲ್ಲಿ ಸಂಬಂಧಿಕರ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ಬಂದವರಿಗೆಲ್ಲ ಒಂದೇ ಪಾಠ: ಆಧಾರ್ ನಂಬಿ ಕೂರಬೇಡಿ, ಅದು ಹುಟ್ಟಿದ ದಿನಕ್ಕೆ ಪುರಾವೆಯಲ್ಲ ಅಂತ ಕೋರ್ಟೇ 2024ರಲ್ಲಿ ಹೇಳಿದೆ. 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಬೇಕು.

ಊರಲ್ಲಿರುವ ನೀವು ಮಕ್ಕಳನ್ನು ಮುಂಬಯಿಗೋ ಬೆಂಗಳೂರಿಗೋ ಕಳಿಸುವ ಮೊದಲು ಆ ಕಾಗದವನ್ನೊಮ್ಮೆ ಓದಿ. ತಪ್ಪಿದ್ದರೆ ಅಲ್ಲೇ ಸರಿ ಮಾಡಿಸಿ. ಇಲ್ಲಿಗೆ ಬಂದ ಮೇಲೆ ಕಷ್ಟ.